ಬಣವೆ ಬೆಳೆಸಿದರೆ ಸೂಜಿ ಸಿಗುವುದೇ?

ಸರ್ಕಾರಿ ಕಣ್ಗಾವಲಿನ ಮಾತು ಬಂದಾಗಲೆಲ್ಲ ಒಂದು ತಕ್ಕಡಿಯನ್ನು ನಮ್ಮ ಮುಂದೆ ತಂದಿಡುತ್ತಾರೆ: ಒಂದು ತಟ್ಟೆಯಲ್ಲಿ ಖಾಸಗಿತನ, ಇನ್ನೊಂದರಲ್ಲಿ ದೇಶದ ಭದ್ರತೆ. ಒಂದನ್ನು ತುಸು ಬಿಟ್ಟುಕೊಟ್ಟರೆ ಇನ್ನೊಂದು ಅಷ್ಟೇ ತೂಕದಲ್ಲಿ ಸಿಗುತ್ತದೆಂಬ ನಂಬಿಕೆ ಅದರ ಹಿಂದಿದೆ. ಈ ತಕ್ಕಡಿಯೇ ಸರಿಯಿಲ್ಲ ಎಂಬುದು ನನ್ನ ತಕರಾರು.

10 ಕೋಟಿ ಜನರಿರುವ ಒಂದು ದೇಶದಲ್ಲಿ 1,000 ಮಂದಿ ಭಯೋತ್ಪಾದಕರಿದ್ದಾರೆ ಎಂದಿಟ್ಟುಕೊಳ್ಳೋಣ. ಎಲ್ಲರ ಕರೆ, ಸಂದೇಶ, ಪ್ರಯಾಣಗಳನ್ನು ಜಾಲಾಡುವ ತಂತ್ರಾಂಶವೊಂದು ಅಪರಾಧಿಯನ್ನಾಗಲಿ ನಿರಪರಾಧಿಯನ್ನಾಗಲಿ ನೂರಕ್ಕೆ 99 ಬಾರಿ ಸರಿಯಾಗಿ ಗುರುತಿಸುತ್ತದೆ. ಆಗ ಭಯೋತ್ಪಾದಕರಲ್ಲಿ 990 ಮಂದಿ ಸಿಕ್ಕಿಬೀಳುತ್ತಾರೆ. ಜೊತೆಗೆ ಉಳಿದವರಲ್ಲಿ ಶೇಕಡಾ 1ರಷ್ಟು, ಅಂದರೆ ಸುಮಾರು 10 ಲಕ್ಷ ನಿರಪರಾಧಿಗಳೂ ಅದೇ ಪಟ್ಟಿಗೆ ಸೇರುತ್ತಾರೆ. ಪಟ್ಟಿಯಿಂದ ಎತ್ತಿದ ಯಾವುದೇ ಹೆಸರು ನಿಜವಾದ ಭಯೋತ್ಪಾದಕನದಾಗಿರುವ ಸಾಧ್ಯತೆ ಸಾವಿರಕ್ಕೆ ಒಂದು. ಹೆಸರಿಗೊಂದೇ ದಿನದ ವಿಚಾರಣೆ ಸಾಕೆಂದರೂ ಸಾವಿರ ಅಧಿಕಾರಿಗಳಿಗೆ ಸಾವಿರ ದಿನ ಬೇಕು. ಇದು ಸೂಜಿ ಹುಡುಕಲು ಹೊರಟವನು ಬಣವೆಗೆ ಇನ್ನಷ್ಟು ಹುಲ್ಲು ಒಟ್ಟಿದಂತೆ; ಅಥವಾ ಗಾಳಿ ಬೀಸಿದರೂ ಬೊಗಳುವ ನಾಯಿಯನ್ನು ಕಾವಲಿಗೆ ಕಟ್ಟಿದಂತೆ. ಕಳ್ಳ ಬಂದ ರಾತ್ರಿಯೂ ಅದು ಬೊಗಳುತ್ತದೆ, ಆದರೆ ಮನೆಯವರು ಏಳುವುದಿಲ್ಲ.

ಈ ಲೆಕ್ಕದ ಮೂಲ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಪ್ರಬಂಧದಲ್ಲಿದೆ. ಆತ 1761ರಲ್ಲಿ ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ ಅದನ್ನು 1763ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟನು. ಎರಡೂವರೆ ಶತಮಾನ ಕಳೆದರೂ ಆಡಳಿತಗಾರರ ಕಿವಿಗೆ ಅದು ಬಿದ್ದಂತಿಲ್ಲ. ಕ್ರೆಡಿಟ್ ಕಾರ್ಡ್ ವಂಚನೆಯನ್ನು ಯಂತ್ರಗಳು ಹಿಡಿಯುತ್ತಿಲ್ಲವೇ ಎಂದು ಕೇಳಬಹುದು. ಹಿಡಿಯುತ್ತವೆ; ಅಲ್ಲಿ ಕಲಿಯಲು ವಂಚನೆಯ ಉದಾಹರಣೆಗಳು ಧಾರಾಳವಾಗಿವೆ, ತಪ್ಪಿದರೆ ಬ್ಯಾಂಕಿನಿಂದ ಒಂದು ಫೋನ್ ಕರೆ ಬರುತ್ತದೆ, ಅಷ್ಟೇ.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಜನರ ದೂರವಾಣಿ ಕರೆಗಳ ದಾಖಲೆಗಳನ್ನು ರಾಶಿಗಟ್ಟಲೆ ಕಲೆಹಾಕುತ್ತಿದ್ದುದನ್ನು ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದಾಗ, ಮಾತನ್ನು ಕೇಳುತ್ತಿಲ್ಲ, ಯಾರು ಯಾರಿಗೆ ಎಷ್ಟು ಹೊತ್ತು ಕರೆ ಮಾಡಿದರೆಂಬುದಷ್ಟೇ ನಮ್ಮಲ್ಲಿದೆ ಎಂಬ ಸಮಜಾಯಿಷಿ ಬಂತು. ಬೆಳಿಗ್ಗೆ ಕ್ಯಾನ್ಸರ್ ಆಸ್ಪತ್ರೆಯಿಂದ ಒಂದು ಕರೆ, ಮರುಕ್ಷಣ ಅಕ್ಕನಿಗೆ ಮುಕ್ಕಾಲು ಗಂಟೆಯ ಕರೆ, ಸಂಜೆ ಜೀವವಿಮೆಯ ಕಚೇರಿಗೆ ಇನ್ನೊಂದು. ಇದರಲ್ಲಿ ಕೇಳಿಸಿಕೊಳ್ಳಲು ಉಳಿದದ್ದಾದರೂ ಏನು? ಆ ಯೋಜನೆಯನ್ನು ಪರಿಶೀಲಿಸಿದ ಅಲ್ಲಿನದೇ ಸ್ವತಂತ್ರ ಮೇಲ್ವಿಚಾರಣಾ ಮಂಡಳಿಯು ಜನವರಿ 2014ರ ವರದಿಯಲ್ಲಿ, ದೇಶಕ್ಕೆ ಬೆದರಿಕೆಯೊಡ್ಡಿದ ಯಾವ ಪ್ರಕರಣದಲ್ಲಿಯೂ ಅದರಿಂದ ತನಿಖೆಯ ಫಲಿತಾಂಶ ಬದಲಾದದ್ದು ತನಗೆ ಕಾಣಲಿಲ್ಲವೆಂದು ಬರೆಯಿತು.

ನ್ಯಾಯಾಧೀಶರಿಗೆ ಅನುಮಾನದ ಕಾರಣವನ್ನು ತೋರಿಸಿ ವಾರಂಟ್ ಪಡೆಯುವ ಕ್ರಮವನ್ನು ತನಿಖೆಗೆ ಅಡ್ಡಗಾಲು ಎಂದು ಬಗೆಯುವವರಿದ್ದಾರೆ. ಬೇಯ್ಸನ ಲೆಕ್ಕದಲ್ಲಿ ಅದೇ ಮೊದಲ ಜರಡಿ. ಬೇರೆ ಸುಳಿವುಗಳಿಂದ ಅನುಮಾನಕ್ಕೊಳಗಾದ 1,000 ಮಂದಿಯಲ್ಲಿ 100 ಮಂದಿ ನಿಜವಾಗಿಯೂ ಅಪರಾಧಿಗಳಾಗಿದ್ದರೆ, ಅದೇ ತಂತ್ರಾಂಶ 99 ಮಂದಿಯನ್ನು ಹಿಡಿದು, ಕೇವಲ 9 ನಿರಪರಾಧಿಗಳತ್ತ ಬೆರಳು ತೋರುತ್ತದೆ. ಖಾಸಗಿತನವನ್ನು ಕಾಯುವ ನಿಯಮವೇ ಇಲ್ಲಿ ಯಂತ್ರದ ಗುರಿಯನ್ನೂ ನೇರಗೊಳಿಸಿತು.

ಇಷ್ಟಕ್ಕೂ ಶೇಕಡಾ 99 ಎಂಬುದು ನಾನೇ ಉದಾರವಾಗಿ ಕೊಟ್ಟ ಅಂಕಿ. ರೋಗಪತ್ತೆಯ ಪರೀಕ್ಷೆ ತಪ್ಪಿದರೆ ಎರಡನೆಯ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ತಪ್ಪುಗಳನ್ನು ಎಣಿಸಬಹುದು. ಗುಪ್ತ ಪಟ್ಟಿಯಲ್ಲಿ ತನ್ನ ಹೆಸರಿರುವುದೇ ತಿಳಿಯದ ಮನುಷ್ಯ ದೂರು ಕೊಡಲಾರನಾದ್ದರಿಂದ, ಆ ವ್ಯವಸ್ಥೆ ನೂರಕ್ಕೆ ಎಷ್ಟು ಬಾರಿ ತಪ್ಪುತ್ತಿದೆಯೆಂದು ಅದನ್ನು ನಡೆಸುವವರಿಗೂ ತಿಳಿಯುವ ದಾರಿ ಕಡಿಮೆ.