ಪೆಟ್ಟಾದದ್ದು ತಲೆಗೆ, ಕಟ್ಟಿಹಾಕಿದ್ದು ಕಾಲನ್ನು

ಮಳೆಗಾಲ ಹಿಡಿದುಕೊಂಡಿತೆಂದರೆ ಉಡುಪಿಯ ಆಸುಪಾಸಿನ ಮನೆಗಳಲ್ಲಿ ಹಿರಿಯರು ಎಲ್ಲೆಲ್ಲಿ ಬೀಳುತ್ತಾರೆ ಎಂಬುದು ನನ್ನಂಥ ಫಿಸಿಯೋಥೆರಪಿಸ್ಟರಿಗೆ ಬಾಯಿಪಾಠ: ಪಾಚಿಗಟ್ಟಿದ ಅಂಗಳ, ಕೆಂಪುಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ಬಚ್ಚಲು. ಹರೆಯದವರ ಮೆದುಳಿಗೆ ಪೆಟ್ಟಾಗುವುದು ಹೆಚ್ಚಾಗಿ ರಸ್ತೆಯಲ್ಲಿ. 65 ದಾಟಿದವರಿಗೆ ಹೆಚ್ಚಾಗಿ ನಿಂತ ನೆಲದಲ್ಲೇ ಜಾರಿ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುತ್ತದೆ, ಹೊಲಿಗೆ ಬಿಚ್ಚುತ್ತಾರೆ, ಇನ್ನು ನಿಧಾನವಾಗಿ ಓಡಾಡಬಹುದು ಎಂದು ಹೇಳಿ ಕಳುಹಿಸುತ್ತಾರೆ. ಒಂದೆರಡು ತಿಂಗಳು ಕಳೆದು ನಾನು ಹೋಗಿ ನೋಡಿದರೆ ಅಜ್ಜ ಚಾವಡಿಯ ಕುರ್ಚಿ ಬಿಟ್ಟಿರುವುದಿಲ್ಲ. “ಕೈಕಾಲು ಎಲ್ಲ ಸರಿಯಾಗಿದೆ. ಆದರೆ ಏಳುವುದೇ ಇಲ್ಲ. ಮೊದಲು ಹೀಗೆ ಸೋಮಾರಿ ಆಗಿರಲಿಲ್ಲ” ಎಂದು ಮನೆಯವರು ದೂರುತ್ತಾರೆ.

ಸೋಮಾರಿತನವೆಂದು ಅವರು ದೂರುವುದು ಬಹಳ ಸಲ ಪೆಟ್ಟಿನದೇ ಲಕ್ಷಣ. ಬಿದ್ದ ರಭಸಕ್ಕೆ ಮೆದುಳಿನ ಮುಂಭಾಗವೂ ಕಿವಿಯ ಮಟ್ಟದ ಪಕ್ಕದ ಭಾಗಗಳೂ ತಲೆಬುರುಡೆಯ ಒರಟು ತಳಕ್ಕೆ ಉಜ್ಜಿ ಗಾಯಗೊಳ್ಳುತ್ತವೆ. ಒಂದು ಕೆಲಸವನ್ನು ತಾನಾಗಿ ಶುರುಮಾಡುವ ಶಕ್ತಿ ಇರುವುದು ಆ ಮುಂಭಾಗದಲ್ಲಿ. ಅದಕ್ಕೆ ಪೆಟ್ಟಾದವರಿಗೆ ನಡೆಯಲು ಬರುತ್ತದೆ, ನಡೆಯಬೇಕೆಂದು ಒಪ್ಪುತ್ತಾರೆ ಕೂಡ, ಆದರೆ ಎದ್ದು ನಿಲ್ಲುವ ಆ ಮೊದಲ ಕ್ಷಣ ಬರುವುದೇ ಇಲ್ಲ. ಎಂಜಿನ್ ಚೆನ್ನಾಗಿದ್ದು ಸೆಲ್ಫ್ ಸ್ಟಾರ್ಟ್ ಕೆಟ್ಟ ಸ್ಕೂಟರಿನ ಹಾಗೆ. ಕಿಕ್ ಹೊರಗಿನಿಂದಲೇ ಬೀಳಬೇಕು. ಇಂಥವರಿಗೆ ವ್ಯಾಯಾಮದ ಮಹತ್ವದ ಬಗ್ಗೆ ಉಪದೇಶ ಮಾಡುವುದು ಸಮಯ ದಂಡ. “ವಾಕಿಂಗ್ ಹೋಗುತ್ತೀರಾ?” ಎಂದು ಕೇಳಿದರೆ “ನಾಳೆ ನೋಡೋಣ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕೇಳುವ ಬದಲು ಆರಂಭವನ್ನೇ ಒದಗಿಸಿ. ದಿನವೂ ಅದೇ ಹೊತ್ತು, ಅದೇ ದಾರಿ. ಬೆಳಗಿನ ಕಾಫಿ ಮುಗಿದ ಕೂಡಲೇ ಚಪ್ಪಲಿ ಕಾಲಬುಡದಲ್ಲಿರಲಿ, ಹೂವಿನ ಬುಟ್ಟಿ ಕೈಗೆ ಬರಲಿ. ನಾನು ಕಂಡ ಅತ್ಯುತ್ತಮ ಅಲಾರಾಂ ಎಂದರೆ ಮೀನಿನವರ ಹಾರ್ನ್. ನನ್ನ ಯಾವ ಮಾತಿಗೂ ಅಲುಗಾಡದ ಹಿರಿಯರೊಬ್ಬರು ಆ ಸದ್ದು ಕೇಳಿದ್ದೇ ಎದ್ದು ಗೇಟಿನವರೆಗೆ ಹೋಗಿ, ಬಂಗುಡೆಯ ಕಿವಿರು ಎತ್ತಿ ನೋಡಿ, ದರಕ್ಕೆ ಜಗಳವಾಡಿ ಬರುತ್ತಿದ್ದರು. ಆದ್ದರಿಂದ ನಡಿಗೆಯನ್ನು ಅದಕ್ಕೇ ಜೋಡಿಸಿದೆವು. ಗೇಟಿನಿಂದ ಮುಂದೆ ರಸ್ತೆಯ ತಿರುವಿನವರೆಗೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ದೋಣಿಗಳಿಗೆ ರಜೆ, ಮೀನಿನವರು ಬರುವುದು ಅಪರೂಪ. ಆ ಎರಡು ತಿಂಗಳಿಗೆ ಹಾಲಿನ ಡೈರಿಯನ್ನೋ ದೇವಸ್ಥಾನದ ಗಂಟೆಯನ್ನೋ ಹುಡುಕಿಕೊಳ್ಳಬೇಕು. ವ್ಯಾಯಾಮ ಎಂದರೆ ಮುಖ ತಿರುಗಿಸುವವರೂ ದೇವರಿಗೆ ಪ್ರದಕ್ಷಿಣೆ ಎಂದರೆ ಕಾಲು ಹಾಕುತ್ತಾರೆ. ಮೇಲೆ ಸೂರಿರುವ ಸುತ್ತುಪೌಳಿಯಲ್ಲಿ ಮಳೆಯ ಕಾಟವೂ ಇಲ್ಲ. ನಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಗುರುತು ಹಾಕಿಸಿ. ನಿನ್ನೆ ನಡೆದದ್ದು ನೆನಪಿರದವರಿಗೆ ಆ ಗುರುತೇ ಸಾಕ್ಷಿ.

ಎಲ್ಲವನ್ನೂ ಈ ಲೆಕ್ಕಕ್ಕೆ ಹಾಕಬಾರದು. ಶುರುಮಾಡಲಾಗದವರು ಸಾಮಾನ್ಯವಾಗಿ ದುಃಖದಲ್ಲಿರುವುದಿಲ್ಲ. ಎಬ್ಬಿಸಿದರೆ ನಗುತ್ತಲೇ ಬರುತ್ತಾರೆ. ಊಟ ಬೇಡವೆನ್ನುವ, ರಾತ್ರಿ ನಿದ್ದೆಯಿಲ್ಲದ, ಬದುಕು ಸಾಕೆನ್ನುವ ಹಿರಿಯರಲ್ಲಿ ಖಿನ್ನತೆ ಇರಬಹುದು. ಮೆದುಳಿನ ಪೆಟ್ಟಿನ ನಂತರ ಅದು ಅಪರೂಪವಲ್ಲ, ಚಿಕಿತ್ಸೆಯೂ ಇದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆ ಗಿರ್ರನೆ ತಿರುಗಿ, ಅರೆ ನಿಮಿಷದಲ್ಲಿ ನಿಲ್ಲುತ್ತದೆ ಎಂದರೆ ಒಳಗಿವಿಯ ಸಣ್ಣ ಹರಳುಗಳು ಪೆಟ್ಟಿಗೆ ಜಾರಿರುವ ಸಾಧ್ಯತೆ ಹೆಚ್ಚು. ತಲೆಯನ್ನು ಕ್ರಮವಾಗಿ ತಿರುಗಿಸಿ ಅವನ್ನು ಸ್ವಸ್ಥಾನಕ್ಕೆ ತರುವ ವಿಧಾನವಿದೆ. ಅನೇಕರಿಗೆ ಒಂದೆರಡು ಸಲದಲ್ಲೇ ಗುಣ. ಇದನ್ನು ಪರೀಕ್ಷಿಸದೆ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಿಕೊಂಡು ಕುಳಿತವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಎದ್ದಾಗ ಕಣ್ಣು ಕತ್ತಲೆ ಬರುವವರ ರಕ್ತದೊತ್ತಡವನ್ನು ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ.

ಇವೆಲ್ಲಕ್ಕಿಂತ ಎಚ್ಚರ ಬೇಕಾದದ್ದು ಇನ್ನೊಂದಿದೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಬುರುಡೆಗೂ ಅದಕ್ಕೂ ನಡುವಿನ ರಕ್ತನಾಳಗಳು ಜಗ್ಗಿಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿದು ಹನಿಹನಿಯಾಗಿ ರಕ್ತ ಸೇರಿಕೊಂಡು, ವಾರಗಳ ನಂತರ ತೊಂದರೆ ಕಾಣಿಸಬಹುದು. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರಿಗೆ ಈ ಅಪಾಯ ಇನ್ನೂ ಹೆಚ್ಚು. ನಿನ್ನೆ ನಡೆಯುತ್ತಿದ್ದವರು ಇಂದು ಕಾಲೆಳೆಯುತ್ತಾರೆ, ಹೊಸದಾಗಿ ತೂಕಡಿಸುತ್ತಾರೆ, ಗೊಂದಲಗೊಳ್ಳುತ್ತಾರೆ, ತಲೆನೋವು ಏರುತ್ತಿದೆ ಎಂದರೆ ಆ ದಿನವೇ ಆಸ್ಪತ್ರೆಗೆ.

ಮನೆಯವರ ಭಯಕ್ಕೆ ಬರೋಣ. ತಂದೆಯ ಜೊತೆ ಇರುವವಳು ಸೊಸೆ, ಮುಂಬೈಯಿಂದಲೋ ದುಬೈಯಿಂದಲೋ ವಿಡಿಯೋ ಕರೆಯಲ್ಲಿ ಅಪ್ಪಣೆ ಕೊಡುವವನು ಮಗ: “ಅವರನ್ನು ಒಬ್ಬರೇ ಏಳಲು ಬಿಡಬೇಡಿ.” ಮತ್ತೆ ಬಿದ್ದರೆ ಮಾತು ಕೇಳಬೇಕಾದವಳು ಅವಳೇ. ಹಾಗಾಗಿ ನೀರಿನ ಲೋಟದಿಂದ ಹಿಡಿದು ಎಲ್ಲವೂ ಕುರ್ಚಿಯ ಬಳಿಗೇ ಬರುತ್ತದೆ. ಇತ್ತೀಚೆಗೆ ನಾನು ಮೊದಲು ಮಾತಾಡುವುದೇ ಆ ಮಗನೊಂದಿಗೆ. ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ ಆರೋಗ್ಯವಂತ ಹಿರಿಯರ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತೆಂದು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ ಎಂದು ಅವನಿಗೆ ಹೇಳುತ್ತೇನೆ. ಕುರ್ಚಿ ಅಪ್ಪನನ್ನು ಕಾಯುತ್ತಿಲ್ಲ, ಮುಂದಿನ ಬೀಳುವಿಕೆಗೆ ಅಣಿಮಾಡುತ್ತಿದೆ ಎಂದು ಅವನಿಗೆ ಅರ್ಥವಾದರೆ ಸೊಸೆಗೆ ಅರ್ಧ ಭಾರ ಇಳಿಯುತ್ತದೆ.

ಅಮ್ಮಂದಿರದ್ದು ಇದಕ್ಕೆ ತದ್ವಿರುದ್ಧ. ಅವರನ್ನು ವಾರದೊಳಗೆ ಅಡುಗೆಮನೆಗೆ ಬಿಡುತ್ತಾರೆ, “ಓಡಾಡಿಕೊಂಡೇ ಇದ್ದಾರೆ” ಎನ್ನುತ್ತಾರೆ. ಒಲೆಯ ಶೆಕೆಯಲ್ಲಿ ನಿಂತು, ಕುಕ್ಕರಿನ ಸೀಟಿ ಎಣಿಸುತ್ತಾ, ಒಬ್ಬರಿಗೆ ಉತ್ತರ ಕೊಡುತ್ತಾ ಪಲ್ಯ ತಿರುವುವುದರಿಂದ ಕಾಲಿಗೆ ಬಲ ಬರುವುದಿಲ್ಲ. ಪೆಟ್ಟಾದ ಮೆದುಳು ಮಾತ್ರ ಬೇಗ ದಣಿಯುತ್ತದೆ. ಈ ದಣಿವು ನಿಜವಾದದ್ದು. ನೆಂಟರು ಬಂದುಹೋದ ಸಂಜೆ ನಡಿಗೆ ಬೇಡ. ಬೆಳಗಿನ ಹೊತ್ತೇ ಒಳ್ಳೆಯದು.

ಎಷ್ಟು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150 ನಿಮಿಷ ಎನ್ನುತ್ತದೆ, ಹಿರಿಯರಿಗೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸುತ್ತದೆ. ಕುರ್ಚಿ ಬಿಡದವರ ಮುಂದೆ ಈ ಅಂಕಿಯನ್ನು ನಾನು ಹೇಳುವುದೇ ಇಲ್ಲ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಯಮ ಈಗಿಲ್ಲ. ಐದೈದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮರುದಿನ ಬೆಳಿಗ್ಗೆಗೆ ದಣಿವು ಆರಿದ್ದರೆ ಸ್ವಲ್ಪ ಹೆಚ್ಚಿಸಬಹುದು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು, ಕಿಟಕಿಯ ಸರಳು ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು ಮೊದಲ ತಿಂಗಳಿಗೆ ಸಾಕು. ಉಡುಪಿಯ ಅಜ್ಜರಕಾಡು ಪಾರ್ಕ್, ಮಂಗಳೂರಿನ ಕದ್ರಿ ಪಾರ್ಕ್ ಆಮೇಲೆ. ಕಾಲು ಹೂತುಹೋಗುವ ಮಲ್ಪೆಯ ಮರಳು ಕೊನೆಗೆ. ಅಪಸ್ಮಾರದ ಸೆಳೆತ ಬಂದವರು ಒಬ್ಬರೇ ನೀರಿಗಿಳಿಯುವುದು, ಏಣಿ ಹತ್ತುವುದು ಬೇಡ.

ಜೊತೆಗೆ ನಡೆಯುವವರಿಗೆ ಒಂದು ಮಾತು. ತೋಳು ಹಿಡಿದು ಎಳೆಯಬೇಡಿ. ಬಲ ಕಡಿಮೆಯಿರುವ ಬದಿಗೆ, ಅರ್ಧ ಹೆಜ್ಜೆ ಹಿಂದೆ ಇದ್ದು, ಸೊಂಟದ ಬಳಿ ಕೈ ಸಿದ್ಧವಿರಲಿ. ಮಾತಿಗೆ ಉತ್ತರಿಸಲು ಅವರು ನಡಿಗೆ ನಿಲ್ಲಿಸುತ್ತಾರಾದರೆ ಸದ್ಯಕ್ಕೆ ಸುಮ್ಮನೆ ನಡೆಯಿರಿ. ಕೆಲವು ವಾರಗಳ ನಂತರ ಬೇಕೆಂದೇ ಮಾತಿಗೆಳೆಯಿರಿ, ಬಂಗುಡೆಯ ದರವನ್ನಾದರೂ ಕೇಳಿ. ನಿಲ್ಲದೆ ಉತ್ತರಿಸಿದರೆ ಮರುದಿನದಿಂದ ಇನ್ನೊಂದು ತಿರುವು ಮುಂದೆ ಹೋಗಬಹುದು.