ಹಿಮದಲ್ಲಿ ಹೂತ ಊರಿನಿಂದ ಬಂದ ಸ್ಕೀ-ಡೂ

ಹಿಮದ ಮೇಲೆ ಓಡುವ ಸ್ನೋಮೊಬೈಲ್, ಹಳದಿ ಬಣ್ಣದ ಹಳೇ ಸ್ಕೀ-ಡೂ ನೋಡಿದರೆ ಮೋಜಿನ ಗಾಡಿ ಅನ್ನಿಸುತ್ತದೆ, ಅಲ್ವಾ? ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀ ಹಲಗೆ, ಕೆಳಗೆ ಸುತ್ತುವ ರಬ್ಬರ್ ಪಟ್ಟಿ, ಮೇಲೊಂದು ಉದ್ದನೆಯ ಸೀಟು. ಆದರೆ ಅದರ ಬೇರು ಇರುವುದು ಮೋಜಿನಲ್ಲಲ್ಲ, ಚಳಿಗಾಲದಲ್ಲಿ ದಾರಿಯೇ ಮುಚ್ಚಿಹೋಗುತ್ತಿದ್ದ ಒಂದು ಊರಿನ ಕಷ್ಟದಲ್ಲಿ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಆ ಊರು. ಸ್ಕೀ-ಡೂ ರೂಪಿಸಿದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಹುಟ್ಟಿದ್ದು ಅಲ್ಲೇ, 1907ರಲ್ಲಿ. ಹದಿನೈದನೇ ವಯಸ್ಸಿಗೇ ಹಳೇ ಫೋರ್ಡ್ ಎಂಜಿನ್ನಿಗೆ ಮರದ ಫ್ಯಾನು ಕಟ್ಟಿ, ಜಾರುಬಂಡಿಯ ಮೇಲೆ ಕೂರಿಸಿ, ತಮ್ಮನ ಜೊತೆ ಓಡಿಸಿಯೇಬಿಟ್ಟರು. ತೆರೆದೇ ತಿರುಗುವ ಆ ಫ್ಯಾನು ಅಪಾಯವೆಂದು ಅಪ್ಪ ಗಾಡಿಯನ್ನು ಬಿಚ್ಚಿಸಿದರು.

1934ರ ಚಳಿಗಾಲದಲ್ಲಿ ಬೊಂಬಾರ್ಡಿಯರ್ ಅವರ ಎರಡು ವರ್ಷದ ಮಗ ಇವೊನ್‌ಗೆ ಅಪೆಂಡಿಸೈಟಿಸ್ ಆಯಿತು. ಆಸ್ಪತ್ರೆ ಇದ್ದದ್ದು ಸುಮಾರು 50 ಕಿ.ಮೀ. ದೂರದ ಶೆರ್‌ಬ್ರೂಕ್‌ನಲ್ಲಿ. ರಸ್ತೆಯೆಲ್ಲ ಹಿಮ. ಹೋಗಲು ಆಗಲಿಲ್ಲ, ಮಗು ಉಳಿಯಲಿಲ್ಲ.

ಮರುವರ್ಷವೇ ಅವರ ಕೈಗೆ ಸರಿಯಾದ ಉಪಾಯ ಸಿಕ್ಕಿತು. ರಬ್ಬರ್ ಹೊದಿಸಿದ ಮರದ ಹಲ್ಲುಚಕ್ರ, ಅದು ಎಳೆಯುವ ರಬ್ಬರ್ ಪಟ್ಟಿ. ಪಟ್ಟಿ ಅಗಲವಾಗಿದ್ದರಿಂದ ಭಾರ ಹರಡಿಕೊಂಡು ಗಾಡಿ ಹಿಮದಲ್ಲಿ ಹೂತುಕೊಳ್ಳುತ್ತಿರಲಿಲ್ಲ. 1937ರಲ್ಲಿ ಪೇಟೆಂಟ್ ಬಂತು. ಏಳು ಜನ ಕೂರುವ ಬಿ7, ಆಮೇಲೆ ಹನ್ನೆರಡು ಜನರ ಬಿ12 ತಯಾರಾದವು. ಬಿ12ಕ್ಕೆ ಹಡಗಿನದರಂಥ ದುಂಡು ಕಿಟಕಿ. ಡಾಕ್ಟರುಗಳು ಇದರಲ್ಲಿ ರೋಗಿಗಳ ಮನೆಗೆ ಹೋದರು, ಅಂಚೆ ಹೋಯಿತು, ಮಕ್ಕಳು ಶಾಲೆಗೆ ಹೋದರು.

1948ರಲ್ಲಿ ಕ್ವಿಬೆಕ್ ಸರ್ಕಾರ ಹಳ್ಳಿ ರಸ್ತೆಗಳ ಹಿಮವನ್ನೂ ತೆಗೆಸಲು ಮುಂದಾಯಿತು. ಜನರಿಗೆ ಒಳ್ಳೆಯದೇ ಆಯಿತು, ಆದರೆ ದೊಡ್ಡ ಗಾಡಿಗಳ ವ್ಯಾಪಾರ ಕುಸಿಯಿತು. ನನ್ನ ಪ್ರಕಾರ ಸ್ಕೀ-ಡೂ ಕಥೆಯ ನಿಜವಾದ ತಿರುವು ಇದೇ. ಒಬ್ಬಿಬ್ಬರು ಕೂರುವ ಸಣ್ಣ ಗಾಡಿಯ ಕನಸು ಬೊಂಬಾರ್ಡಿಯರ್ ಅವರಿಗೆ ಮೊದಲಿನಿಂದಲೂ ಇತ್ತು. ಹಗುರವಾದ ಎಂಜಿನ್ ಮಾತ್ರ ಸಿಕ್ಕಿರಲಿಲ್ಲ. ಐವತ್ತರ ದಶಕದಲ್ಲಿ ಅದು ಸಿಕ್ಕಿತು. ಜೊತೆಗೆ, ಮಗ ಜೆರ್ಮೈನ್ ಜೋಡಣೆಯೇ ಇಲ್ಲದ ಒಂದೇ ತುಂಡಿನ ರಬ್ಬರ್ ಪಟ್ಟಿ ಮಾಡುವ ವಿಧಾನ ಕಂಡುಹಿಡಿದರು.

1959ರಲ್ಲಿ ಗಾಡಿ ಹೊರಬಂತು. ನಾಯಿಬಂಡಿಯ ಜಾಗಕ್ಕೆ ಬಂದದ್ದರಿಂದ ಇಡಲು ಹೊರಟಿದ್ದ ಹೆಸರು 'ಸ್ಕೀ-ಡಾಗ್', ಅಚ್ಚಿನ ತಪ್ಪಿನಿಂದ 'ಡೂ' ಆಯಿತು ಎಂದು ಹೇಳುತ್ತಾರೆ. ಮೊದಲ ವರ್ಷ ಮಾರಾಟವಾದದ್ದು 225 ಗಾಡಿ. ಮೊದಮೊದಲು ಓಡಿಸಿ ನೋಡಿದವರಲ್ಲಿ ಉತ್ತರ ಒಂಟಾರಿಯೊದ ಪಾದ್ರಿ, ಬೊಂಬಾರ್ಡಿಯರ್ ಅವರ ಗೆಳೆಯ ಮೊರಿಸ್ ವಿಮೆ ಒಬ್ಬರು. ನಾಯಿಗಳಿಗೆ ಬೇಸಿಗೆಯಲ್ಲೂ ಊಟ ಹಾಕಬೇಕು, ಗಾಡಿಗೆ ಬೇಡ. ಉತ್ತರದ ಬೇಟೆಗಾರರಿಗೆ ಅದು ಸಣ್ಣ ಅನುಕೂಲವಲ್ಲ. ಆದರೆ ಪೆಟ್ರೋಲು, ಬಿಡಿಭಾಗಗಳ ಖರ್ಚು ಹೊಸದಾಗಿ ಹೆಗಲೇರಿತು.

ಬೊಂಬಾರ್ಡಿಯರ್ 1964ರಲ್ಲಿ, 56ನೇ ವಯಸ್ಸಿಗೆ ತೀರಿಕೊಂಡರು. ನಾಲ್ಕು ವರ್ಷಗಳ ನಂತರ ಅಮೆರಿಕದ ರಾಲ್ಫ್ ಪ್ಲೇಸ್ಟೆಡ್ ತಂಡ ಸ್ಕೀ-ಡೂಗಳ ಮೇಲೆಯೇ ಉತ್ತರ ಧ್ರುವ ತಲುಪಿತು. ಅಷ್ಟರಲ್ಲಿ ಇದು ರಜೆಯ ಆಟವೂ ಆಗಿತ್ತು. ಎಪ್ಪತ್ತರ ದಶಕದ ಆರಂಭಕ್ಕೆ ನೂರಕ್ಕೂ ಜಾಸ್ತಿ ಕಂಪನಿಗಳು ಸ್ನೋಮೊಬೈಲ್ ಮಾಡುತ್ತಿದ್ದವು. 1973ರ ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಸ್ಕೀ-ಡೂ ಉಳಿಯಿತು. 2003ರಲ್ಲಿ ಬೊಂಬಾರ್ಡಿಯರ್ ಕಂಪನಿಯ ಆ ವಿಭಾಗ ಬಿಆರ್‌ಪಿ ಎಂಬ ಬೇರೆ ಕಂಪನಿಯಾಯಿತು, ಗಾಡಿ ಮಾತ್ರ ಈಗಲೂ ವಾಲ್ಕೂರ್‌ನಲ್ಲೇ ತಯಾರಾಗುತ್ತಿದೆ. ಬೊಂಬಾರ್ಡಿಯರ್ 1926ರಲ್ಲಿ ತೆರೆದ ಗ್ಯಾರೇಜನ್ನು ಅದೇ ಊರಿನ ಮ್ಯೂಸಿಯಂನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.