ಶಾಲಾ ಸಮಯದಲ್ಲಿ ಮಕ್ಕಳಿಗೆ ಔಷಧಿ: ಶಾಲಾ ಆರೋಗ್ಯ ಕಲಿಯುವವರಿಗೆ ಟಿಪ್ಪಣಿ

ವೈದ್ಯರ ಚೀಟಿಯಲ್ಲಿ 1-0-1 ಎಂದಿದ್ದರೆ ಆ ಔಷಧಿ ಶಾಲೆಗೆ ಬರುವ ಅಗತ್ಯವೇ ಇಲ್ಲ. ಬೆಳಿಗ್ಗೆಯದು, ರಾತ್ರಿಯದು ಮನೆಯಲ್ಲೇ ಮುಗಿಯುತ್ತದೆ. 1-1-1 ಎಂದಿದ್ದರೆ, ನಡುವಿನ ಡೋಸನ್ನು ಮಧ್ಯಾಹ್ನವೇ ಕೊಡಬೇಕೇ, ಬೆಳಿಗ್ಗೆ 7, ಸಂಜೆ 4, ರಾತ್ರಿ ಮಲಗುವಾಗ ಎಂದು ಹೊಂದಿಸಿದರೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಲು ಪೋಷಕರಿಗೆ ಹೇಳಿ. ಎಷ್ಟೋ ಔಷಧಿಗಳಿಗೆ ಇದು ಸಾಧ್ಯ. ಶಾಲೆಯಲ್ಲಿ ಕೊಡುವ ಡೋಸುಗಳು ಕಡಿಮೆಯಾದಷ್ಟೂ ತಪ್ಪುಗಳು ಕಡಿಮೆ.

ಉಳಿದ ಡೋಸುಗಳಿಗೆ ಎಲ್ಲರೂ ಕಲಿಯುವ ಐದು ಪರಿಶೀಲನೆಗಳಿವೆ: ಸರಿಯಾದ ಮಗು, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿ, ಮೂಗು, ಕಣ್ಣು, ಉಸಿರು), ಸರಿಯಾದ ಹೊತ್ತು. ಇವನ್ನು ಬಾಯಿಪಾಠ ಮಾಡುವುದು ಸುಲಭ. ಪಾಲಿಸುವ ಕ್ರಮ ಹೀಗೆ: ಬೀರುವಿನಿಂದ ತೆಗೆಯುವಾಗ ಒಮ್ಮೆ, ಅಳೆಯುವಾಗ ಒಮ್ಮೆ, ವಾಪಸ್ ಇಡುವಾಗ ಒಮ್ಮೆ, ಒಟ್ಟು ಮೂರು ಸಲ ಲೇಬಲ್ ಓದಿ ಚೀಟಿಯ ಜೊತೆ ಹೋಲಿಸಬೇಕು. ಬಾಟಲಿಯ ಬಣ್ಣ ನೋಡಿ ಗುರುತಿಸುವುದು ಓದಿದಂತಲ್ಲ.

ಔಷಧಿ ಶಾಲೆಯ ಒಳಗೆ ಬರುವ ಬಗೆ

ಪೋಷಕರು ತಾವೇ ತಂದು ಕೈಗೆ ಕೊಡಬೇಕು. ಮಗುವಿನ ಬ್ಯಾಗಿನಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ, ವ್ಯಾನ್ ಡ್ರೈವರ್ ಕೈಯಲ್ಲಿ ಬಂದದ್ದನ್ನು ಕೊಡುವಂತಿಲ್ಲ. ಮೂರು ವಸ್ತು ಒಟ್ಟಿಗೆ ಇರಬೇಕು: ವೈದ್ಯರ ಚೀಟಿ, ಪೋಷಕರ ಸಹಿಯಿರುವ ಒಪ್ಪಿಗೆ ಪತ್ರ, ಮೂಲ ಬಾಟಲಿ ಅಥವಾ ಸ್ಟ್ರಿಪ್. "ಮಿಸ್, ಮಧ್ಯಾಹ್ನ ಒಂದು ಚಮಚ ಸಿರಪ್ ಕೊಡಿ ಪ್ಲೀಸ್" ಎಂಬ ವಾಟ್ಸ್ಆ್ಯಪ್ ಸಂದೇಶದಲ್ಲಿ ಔಷಧಿಯ ಹೆಸರೂ ಇಲ್ಲ, ಪ್ರಮಾಣವೂ ಇಲ್ಲ. ಅದು ಒಪ್ಪಿಗೆಯಲ್ಲ.

ನಮ್ಮಲ್ಲಿನ ಒಂದು ತೊಂದರೆ ಕತ್ತರಿಸಿದ ಸ್ಟ್ರಿಪ್. ಮೆಡಿಕಲ್ ಶಾಪಿನಲ್ಲಿ ನಾಲ್ಕೇ ಮಾತ್ರೆ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಅಂಥ ತುಂಡನ್ನು ಸ್ವೀಕರಿಸಬೇಡಿ. ಪೂರ್ತಿ ಸ್ಟ್ರಿಪ್ ತರಿಸಿ, ಪೋಷಕರ ಮುಂದೆಯೇ ಮಾತ್ರೆ ಎಣಿಸಿ, ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಏಕಾಗ್ರತೆಯ ಸಮಸ್ಯೆಗೆ ಕೊಡುವ ಮಿಥೈಲ್‌ಫೆನಿಡೇಟ್ ಕಾನೂನಿನ ಬಿಗಿ ನಿಯಂತ್ರಣದಲ್ಲಿರುವ ಮಾತ್ರೆ. ಅದರ ಎಣಿಕೆ ಪ್ರತಿ ಡೋಸಿಗೂ ನಡೆಯಬೇಕು.

"ಬೇಕಾದಾಗ ಕೊಡಿ" ಎಂದು ಬರೆದ ಚೀಟಿಯನ್ನು ವಾಪಸ್ ಕಳಿಸಿ. ಯಾವ ಲಕ್ಷಣ ಕಂಡಾಗ, ಎಷ್ಟು, ಎರಡು ಡೋಸಿನ ನಡುವೆ ಎಷ್ಟು ಗಂಟೆ, ದಿನಕ್ಕೆ ಗರಿಷ್ಠ ಎಷ್ಟು ಸಲ ಎಂಬ ನಾಲ್ಕೂ ಇರಬೇಕು.

ಮಗುವಿನ ಗುರುತು: ಒಂದೇ ತರಗತಿಯಲ್ಲಿ ಇಬ್ಬರು ಆದ್ಯಾ, ಮೂವರು ಆರ್ಯನ್ ಇರುವ ಊರು ಬೆಂಗಳೂರು. "ನೀನು ಆದ್ಯಾನಾ?" ಎಂದರೆ ಚಿಕ್ಕ ಮಕ್ಕಳು ಯಾರಾದರೂ ತಲೆಯಾಡಿಸುತ್ತಾರೆ. "ನಿನ್ನ ಪೂರ್ತಿ ಹೆಸರೇನು ಪುಟ್ಟಾ, ಅಮ್ಮನ ಹೆಸರೇನು?" ಎಂದು ಕೇಳಿ, ರಿಜಿಸ್ಟರಿನ ಫೋಟೊ ನೋಡಿ.

ಸಿರಪ್: ಹೆಚ್ಚು ತಪ್ಪಾಗುವ ಜಾಗ

ಪ್ಯಾರಸಿಟಮಾಲ್ ಸಿರಪ್ ಒಂದೇ ಶಕ್ತಿಯಲ್ಲಿ ಸಿಗುವುದಿಲ್ಲ. 5 ಮಿಲಿಯಲ್ಲಿ 120 ಅಥವಾ 125 ಮಿಗ್ರಾಂ ಇರುವುದು ಒಂದು, 250 ಮಿಗ್ರಾಂ ಇರುವುದು ಇನ್ನೊಂದು. ಹಸುಳೆಗಳ ಡ್ರಾಪ್ಸ್‌ನಲ್ಲಿ 1 ಮಿಲಿಗೇ 100 ಮಿಗ್ರಾಂ. ಡೋಸ್ ಲೆಕ್ಕ ತೂಕದ ಮೇಲೆ, ಕೆಜಿಗೆ 15 ಮಿಗ್ರಾಂ. 20 ಕೆಜಿ ಮಗುವಿಗೆ 300 ಮಿಗ್ರಾಂ ಬೇಕು. 250ರ ಸಿರಪ್ಪಿನಲ್ಲಿ ಅದು 6 ಮಿಲಿ, 120ರದ್ದರಲ್ಲಿ 12.5 ಮಿಲಿ, ಡ್ರಾಪ್ಸ್‌ನಲ್ಲಿ 3 ಮಿಲಿ. ಹಳೆ ಬಾಟಲಿ ಖಾಲಿಯಾಗಿ ಪೋಷಕರು ಬೇರೆ ಶಕ್ತಿಯದನ್ನು ತಂದಾಗ "ಹೋದ ಸಲದಷ್ಟೇ" ಎಂದು 12.5 ಮಿಲಿ ಹಾಕಿದರೆ ಡೋಸ್ ದುಪ್ಪಟ್ಟು ದಾಟುತ್ತದೆ. ಆದ್ದರಿಂದ ಚೀಟಿಯಲ್ಲಿ ಮಿಗ್ರಾಂ, ಮಿಲಿ, ಬಾಟಲಿಯ ಶಕ್ತಿ ಮೂರೂ ಇರಲಿ.

ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, 24 ಗಂಟೆಗಳಲ್ಲಿ 4ಕ್ಕಿಂತ ಹೆಚ್ಚು ಬೇಡ. ಜ್ವರವಿದ್ದ ಮಗುವಿಗೆ ಬೆಳಿಗ್ಗೆ 7ಕ್ಕೆ ಔಷಧಿ ಕುಡಿಸಿ ಬಸ್ ಹತ್ತಿಸಿರುತ್ತಾರೆ. 10ಕ್ಕೆ ಮತ್ತೆ ಮೈ ಸುಡುತ್ತದೆ. ಮನೆಗೆ ಫೋನ್ ಮಾಡಿ ಕೊನೆಯ ಡೋಸಿನ ಹೊತ್ತು ಕೇಳದೆ ಬಾಟಲಿ ಮುಟ್ಟಬೇಡಿ. ನೆಗಡಿಯ ಸಿರಪ್ ಕೊಟ್ಟಿದ್ದಾರೆಯೇ ಎಂದೂ ಕೇಳಿ, ಏಕೆಂದರೆ ಹಲವು ನೆಗಡಿ ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಸೇರಿಯೇ ಇರುತ್ತದೆ. ಎಲ್ಲರ ಮನೆಯಲ್ಲೂ ಇರುವ ಡೋಲೋ 650 ದೊಡ್ಡವರ ಮಾತ್ರೆ. 25 ಕೆಜಿ ಮಗುವಿಗೆ ಬೇಕಾದದ್ದು 375 ಮಿಗ್ರಾಂ.

ಅಳೆಯಲು ಅಡುಗೆಮನೆಯ ಚಮಚ ಬೇಡವೇ ಬೇಡ. ಒಂದೊಂದು ಚಮಚ ಒಂದೊಂದು ಅಳತೆ. ಸೂಜಿಯಿಲ್ಲದ, ಬಾಯಿಗೆ ಹಾಕುವ ಸಿರಿಂಜೇ ಒಳ್ಳೆಯದು. ಬಾಟಲಿಯ ಜೊತೆ ಬಂದ ಮುಚ್ಚಳದಲ್ಲಿ ಅಳೆಯುವುದಾದರೆ ಸಮತಟ್ಟಾದ ಮೇಜಿನ ಮೇಲಿಟ್ಟು ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ. ಮೊದಲು ಬಾಟಲಿ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಔಷಧಿ ತಳದಲ್ಲಿ ಕೂತು ಮಗುವಿಗೆ ಮೊದಲ ದಿನ ತಿಳಿನೀರು, ಕೊನೆಯ ದಿನ ಗಸಿ ಸಿಗುತ್ತದೆ. ಪುಡಿಗೆ ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 2ರಿಂದ 8 ಡಿಗ್ರಿಯಲ್ಲಿರಬೇಕು, 7 ದಿನದ ಮೇಲೆ ಎಸೆಯಬೇಕು. ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆಸಿಕೊಳ್ಳಿ.

ಶಾಲೆಗೆ ತರಬಾರದ ಔಷಧಿಗಳ ಪಟ್ಟಿಯೂ ಗೊತ್ತಿರಲಿ. ಜ್ವರ, ನೋವಿಗೆ ಕೊಡುವ ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ 2011ರಿಂದ ನಿಷಿದ್ಧ. ಆದರೂ ಮನೆಗಳ ಡಬ್ಬಿಯಲ್ಲಿ ಉಳಿದಿರುತ್ತದೆ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಜ್ವರ ಎಂದರೆ ಡೆಂಗಿಯ ಅನುಮಾನ ಇಟ್ಟುಕೊಳ್ಳಲೇಬೇಕು. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ.

ಮಾತ್ರೆ ನುಂಗಲಾರದ ಮಗುವಿಗೆ ಪುಡಿ ಮಾಡುವ ಮುನ್ನ ಸ್ಟ್ರಿಪ್ ಮೇಲೆ ಎಸ್ಆರ್, ಸಿಆರ್, ಎಕ್ಸ್ಆರ್ ಎಂದಿದೆಯೇ ನೋಡಿ. ಅವು ನಿಧಾನವಾಗಿ ಕರಗಲು ಮಾಡಿದವು. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ರಕ್ತಕ್ಕೆ ಸೇರುತ್ತದೆ.

ಆಸ್ತಮಾ

ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5ಕ್ಕೆ ಏರಿತ್ತು. ಇನ್‌ಹೇಲರ್ ಇಲ್ಲದ ತರಗತಿ ಇಲ್ಲಿ ಸಿಗುವುದು ಕಷ್ಟ.

ಉಬ್ಬಸ ಬಂದಾಗ ಮಗುವನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸಾಲ್ಬುಟಮಾಲ್ ಇನ್‌ಹೇಲರ್ ಕುಲುಕಿ, ಸ್ಪೇಸರಿಗೆ (ಔಷಧಿ ಹಿಡಿದಿಟ್ಟು ಬಾಯಿಗೆ ಒದಗಿಸುವ ಪ್ಲಾಸ್ಟಿಕ್ ಕೊಳವೆ) ಸಿಕ್ಕಿಸಿ, ಒಂದೇ ಒಂದು ಪಫ್ ಒತ್ತಿ, ಮಗು ಅದರ ಮೂಲಕ 4-5 ಸಲ ಸಾಮಾನ್ಯವಾಗಿ ಉಸಿರಾಡಲಿ. ಮತ್ತೆ ಕುಲುಕಿ ಮುಂದಿನ ಪಫ್. ಒಟ್ಟಿಗೆ ನಾಲ್ಕು ಒತ್ತಿದರೆ ಹನಿಗಳು ಸ್ಪೇಸರಿನ ಗೋಡೆಗೆ ಅಂಟಿ ವ್ಯರ್ಥ. ಮಗುವಿನ ಚೀಟಿಯಲ್ಲಿ ಬೇರೆ ಹೇಳಿರದಿದ್ದರೆ ಸಾಮಾನ್ಯ ಕ್ರಮ: 4 ಪಫ್, 4 ನಿಮಿಷ ಕಾಯುವುದು, ಕಡಿಮೆಯಾಗದಿದ್ದರೆ ಮತ್ತೆ 4. ಆಗಲೂ ಇಳಿಯದಿದ್ದರೆ, ಅಥವಾ ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ಪಫ್ ನಿಲ್ಲಿಸಬೇಡಿ.

ರೋಟಾಕ್ಯಾಪ್ ನೋಡಲು ನುಂಗುವ ಕ್ಯಾಪ್ಸೂಲ್‌ನಂತೆಯೇ ಇರುತ್ತದೆ, ಆದರೆ ಅದು ರೋಟಾಹೇಲರಿನಲ್ಲಿಟ್ಟು ಎಳೆದುಕೊಳ್ಳುವ ಪುಡಿ. ಗೊತ್ತಿಲ್ಲದವರು ನೀರಿನ ಜೊತೆ ನುಂಗಿಸಿಬಿಡುತ್ತಾರೆ. ಆಗ ಉಬ್ಬಸಕ್ಕೆ ಔಷಧಿ ಸಿಕ್ಕಂತಾಗುವುದಿಲ್ಲ. ಇನ್‌ಹೇಲರನ್ನು ಬೀರುವಿಗೆ ಬೀಗ ಹಾಕಿ ಇಡುವುದೂ ತಪ್ಪು. ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದಾಗಲೇ ಆಟದ ಮೈದಾನದಲ್ಲಿ ಉಬ್ಬಸ ಬರಬಹುದು. ದೊಡ್ಡ ಮಕ್ಕಳ ಬಳಿಯೇ ಇರಲಿ, ಚಿಕ್ಕವರದು ತರಗತಿಯ ಟೀಚರ್ ಕೈಗೆಟುಕುವಲ್ಲಿರಲಿ. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಉಂಟಾಗಿ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇನ್ಸುಲಿನ್, ಫಿಟ್ಸ್

ಭಾರತದಲ್ಲಿ ಇನ್ಸುಲಿನ್ ಮಿಲಿಗೆ 40 ಯೂನಿಟ್ ಮತ್ತು 100 ಯೂನಿಟ್ ಎರಡರಲ್ಲೂ ಸಿಗುತ್ತದೆ. ಸಿರಿಂಜುಗಳೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಹೋಗುವುದು 25 ಯೂನಿಟ್. ಮಗು ಪ್ರಜ್ಞೆ ತಪ್ಪಲು ಇಷ್ಟು ಸಾಕು. ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದಲೂ ಓದಿಸಿ. ಚುಚ್ಚುವವರು ತರಬೇತಾದ ನರ್ಸ್, ಅಥವಾ ಅವರ ಕಣ್ಣೆದುರು ಮಗುವೇ.

ಊಟಕ್ಕೆ ಮುಂಚಿನ ವೇಗದ ಇನ್ಸುಲಿನನ್ನು ತಟ್ಟೆ ಎದುರಿಗೆ ಬಂದ ಮೇಲೆ ಕೊಡಿ. ಬಿಸಿಯೂಟದ ಗಾಡಿ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದರೆ, ಮೊದಲೇ ಚುಚ್ಚಿಸಿಕೊಂಡ ಮಗುವಿಗೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಮಂಕು ಕಂಡರೆ, ಅಥವಾ ರಕ್ತದ ಸಕ್ಕರೆ ಅಳೆಯುವ ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

ಫಿಟ್ಸ್ ಬಂದ ತಕ್ಷಣ ಗಡಿಯಾರ ನೋಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಯಾವುದೂ ಬೇಡ. 5 ನಿಮಿಷ ದಾಟಿದರೆ, ವೈದ್ಯರು ಬರೆದುಕೊಟ್ಟಿದ್ದಲ್ಲಿ ಮಿಡಜೋಲಮ್ ಮೂಗಿನ ಸ್ಪ್ರೇ. ಒಂದು ಸ್ಪ್ರೇಗೆ 0.5 ಮಿಗ್ರಾಂ ಬರುವ ಬಾಟಲಿಯೂ ಇದೆ, 1.25 ಮಿಗ್ರಾಂ ಬರುವುದೂ ಇದೆ. ಕೆಜಿಗೆ 0.2 ಮಿಗ್ರಾಂ ಲೆಕ್ಕದಲ್ಲಿ 20 ಕೆಜಿ ಮಗುವಿಗೆ 4 ಮಿಗ್ರಾಂ, ಅಂದರೆ 0.5ರ ಬಾಟಲಿಯಲ್ಲಿ ಪ್ರತಿ ಹೊಳ್ಳೆಗೆ 4ರಂತೆ 8 ಸ್ಪ್ರೇ. ಆ ಗಾಬರಿಯಲ್ಲಿ ಯಾರೂ ಭಾಗಾಕಾರ ಮಾಡಲಾರರು. ಸ್ಪ್ರೇಗಳ ಸಂಖ್ಯೆಯನ್ನು ಮೊದಲೇ ಬಾಟಲಿಯ ಮೇಲೆ ಅಂಟಿಸಿಡಿ.

ಎಲ್ಲ ಮಕ್ಕಳಿಗೂ ಕೊಡುವ ಮಾತ್ರೆಗಳು

ವಾರಕ್ಕೊಮ್ಮೆಯ ಕಬ್ಬಿಣಾಂಶದ ಮಾತ್ರೆ: 5ರಿಂದ 9 ವರ್ಷದವರಿಗೆ ಗುಲಾಬಿ (45 ಮಿಗ್ರಾಂ ಕಬ್ಬಿಣ), 10ರಿಂದ 19ರವರಿಗೆ ನೀಲಿ (60 ಮಿಗ್ರಾಂ). ಐದನೇ ತರಗತಿಯಲ್ಲಿ ಒಂಬತ್ತರವರೂ ಹತ್ತರವರೂ ಬೆರೆತಿರಬಹುದು. ವಯಸ್ಸು ನೋಡಿ ಕೊಡಿ, ತರಗತಿ ನೋಡಿ ಅಲ್ಲ. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ಹಾಲಿನ ಜೊತೆಗೇ ಮಾತ್ರೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಹಾಲು ಬೆಳಿಗ್ಗೆ, ಮಾತ್ರೆ ಬಿಸಿಯೂಟದ ನಂತರ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಬರುತ್ತದೆ, ಒಬ್ಬರು ವಾಂತಿ ಮಾಡಿದರೆ ಸಾಲಿನವರೆಲ್ಲ ಹೊಟ್ಟೆ ಹಿಡಿಯುತ್ತಾರೆ. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿಡಿ.

ಜಂತುಹುಳುವಿನ ಆಲ್ಬೆಂಡಜೋಲ್ 400 ಮಿಗ್ರಾಂ. 1ರಿಂದ 2 ವರ್ಷದವರಿಗೆ ಅರ್ಧ. ನಿಮ್ಮೆದುರೇ ಅಗಿದು ತಿನ್ನಲಿ, ಮನೆಗೆ ಕೊಟ್ಟು ಕಳಿಸಬೇಡಿ. ಜ್ವರವಿರುವ ಮಗುವಿಗೆ ಆ ದಿನ ಬೇಡ. ಅಳುವ ಮಗುವಿನ ಮೂಗು ಹಿಡಿದು ಹಾಕಿದರೆ ಮಾತ್ರೆ ಶ್ವಾಸನಾಳಕ್ಕೆ ಹೋಗಬಹುದು.

ಕೊಟ್ಟ ಮೇಲೆ

ಮಗು ನುಂಗಿದ ಮೇಲೆಯೇ ರಿಜಿಸ್ಟರಿನಲ್ಲಿ ಬರೆಯಿರಿ: ಹೊತ್ತು, ಪ್ರಮಾಣ, ಸಹಿ. ಮೊದಲೇ ಟಿಕ್ ಹಾಕಿಟ್ಟು ಮಗು ಗೈರಾಗಿದ್ದರೆ ದಾಖಲೆ ಸುಳ್ಳಾಗುತ್ತದೆ. ಕೊಟ್ಟು ಬರೆಯದಿದ್ದರೆ ಇನ್ನೊಬ್ಬರು ಮತ್ತೆ ಕೊಡುತ್ತಾರೆ. ವಾಂತಿಯಾದರೆ ವೈದ್ಯರನ್ನು ಕೇಳದೆ ಮತ್ತೊಂದು ಡೋಸ್ ಬೇಡ. ಮರೆತ ಡೋಸನ್ನು ಮುಂದಿನದಕ್ಕೆ ಸೇರಿಸಿ ಎರಡು ಕೊಡುವುದೂ ಬೇಡ.

ತಪ್ಪು ಡೋಸ್ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಮಗುವನ್ನು ಕಣ್ಣೆದುರೇ ಇರಿಸಿಕೊಂಡು ಉಸಿರು, ಎಚ್ಚರ ಗಮನಿಸುತ್ತಾ, ಬಾಟಲಿ ಕೈಯಲ್ಲಿಟ್ಟುಕೊಂಡೇ ವೈದ್ಯರಿಗೆ ಕರೆ ಮಾಡಿ, ಆಮೇಲೆ ಪೋಷಕರಿಗೆ, ಮುಖ್ಯೋಪಾಧ್ಯಾಯರಿಗೆ. ರಿಜಿಸ್ಟರಿನ ತಪ್ಪು ಸಾಲಿಗೆ ವೈಟ್ನರ್ ಬಳಿಯದೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಡೆದದ್ದನ್ನು ಬರೆಯಿರಿ. ತಪ್ಪು ಒಪ್ಪಿಕೊಂಡ ಆಯಾಳನ್ನೋ ಟೀಚರನ್ನೋ ಎಲ್ಲರೆದುರು ಬೈಯುವ ಶಾಲೆಯಲ್ಲಿ ಮುಂದಿನ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ.

ಬನ್ನೇರುಘಟ್ಟಕ್ಕೋ ನಂದಿಬೆಟ್ಟಕ್ಕೋ ಪ್ರವಾಸ ಹೊರಟಾಗ ಔಷಧಿ, ಚೀಟಿಯ ಪ್ರತಿ, ರಿಜಿಸ್ಟರಿನ ಹಾಳೆ ಒಂದೇ ಚೀಲದಲ್ಲಿ, ಒಬ್ಬರ ಹೆಗಲಲ್ಲಿ ಇರಲಿ. ಆ ಚೀಲ ಮಗುವಿರುವ ಬಸ್ಸಿನಲ್ಲೇ ಹೋಗಬೇಕು. ಬೇಸಿಗೆ ರಜೆಗೆ ಮುಂಚೆ ಉಳಿದ ಔಷಧಿಯನ್ನು ಎಣಿಸಿ ಪೋಷಕರಿಗೆ ಹಿಂದಿರುಗಿಸಿ ಸಹಿ ಪಡೆಯಿರಿ. ಜೂನ್‌ನಲ್ಲಿ ಹೊಸ ತೂಕ ನೋಡಿ ಹೊಸ ಚೀಟಿ ಕೇಳಿ.